ಡ್ರಮ್ಮಿನ ಒಳಗೋಡೆಯ ಪಾಠ

ಬಾಗೇಪಲ್ಲಿಯಲ್ಲೋ ಪಾವಗಡದಲ್ಲೋ ಯಾವ ಮನೆಯ ಹಿತ್ತಲಿಗೆ ಹೋದರೂ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು ಇದ್ದೇ ಇರುತ್ತದೆ. 200 ಲೀಟರಿನದು, ಬಾಯಿ ಹೆಚ್ಚುಕಮ್ಮಿ ಎರಡಡಿ ಅಗಲ. ನೀರು ಅರ್ಧಕ್ಕಿಳಿದಾಗ ಬಗ್ಗಿ ಟಾರ್ಚು ಬಿಡಿ. ನೀರನ್ನು ಆಮೇಲೆ ನೋಡಿದರಾಯಿತು. ಮೊದಲು ನೀರಿನ ಮಟ್ಟಕ್ಕಿಂತ ಎರಡು ಬೆರಳು ಮೇಲೆ ಒಳಗೋಡೆ ನೋಡಿ. ಗಸಗಸೆಗಿಂತ ಚಿಕ್ಕ ಕರಿ ಚುಕ್ಕೆಗಳು ಒಂದೊಂದಾಗಿ ಅಂಟಿಕೊಂಡಿರುತ್ತವೆ. ಪಾಚಿ ಅಥವಾ ಕೊಳೆ ಎಂದುಕೊಂಡು ಯಾರೂ ಅವನ್ನು ಮುಟ್ಟುವುದಿಲ್ಲ. ಡೆಂಗಿ, ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆಗಳು ಅವು.

ಈ ಮೊಟ್ಟೆಯ ಗಟ್ಟಿತನ ಗೊತ್ತಿಲ್ಲದೆ ಡೆಂಗಿ ಬಗ್ಗೆ ಏನು ಹೇಳಿದರೂ ಅರ್ಧವಾಗುತ್ತದೆ. ಡ್ರಮ್ಮು ಖಾಲಿ ಮಾಡಿ ಬಿಸಿಲಿಗೆ ಇಟ್ಟರೂ ಅದು ಸಾಯುವುದಿಲ್ಲ, ಒಣಗಿಕೊಂಡೇ ತಿಂಗಳುಗಟ್ಟಲೆ ಕಾಯುತ್ತದೆ. ಮುಂದಿನ ಸಲ ನೀರು ಬಂದು ಮಟ್ಟ ಏರಿ ಮೊಟ್ಟೆ ಮುಳುಗಿದಾಗ ಒಡೆಯುತ್ತದೆ. ಅಲ್ಲಿಂದ ರೆಕ್ಕೆ ಬಂದು ಹಾರುವುದಕ್ಕೆ ನಮ್ಮ ಹವೆಯಲ್ಲಿ 7ರಿಂದ 10 ದಿನ ಸಾಕು. ಅಂದರೆ ಕೊಡ ಕೊಡವಾಗಿ ಮೇಲಿಂದ ತುಂಬಿಸುತ್ತಾ, ತಳದ ನೀರನ್ನು ಎಂದೂ ಪೂರ್ತಿ ಬಳಸದೆ ಇರುವ ಡ್ರಮ್ಮು ಪ್ರತಿ ಸಲ ತುಂಬಿದಾಗಲೂ ಒಂದು ಸಾಲು ಮೊಟ್ಟೆಯನ್ನು ಎಬ್ಬಿಸುತ್ತಿರುತ್ತದೆ. ನೀರು ಕಡಿಮೆ ಇರುವ ಊರಿನಲ್ಲಿ ಎಲ್ಲರೂ ತುಂಬಿಸುವುದೇ ಹೀಗೆ. ತಳದಲ್ಲಿ ಇನ್ನೆರಡು ಕೊಡ ಉಳಿದಿದ್ದರೆ ಅದನ್ನು ಯಾರು ಚೆಲ್ಲುತ್ತಾರೆ?

ಈಗ ನಮ್ಮ ಶಾಲೆಗಳ ಜಾಥಾ ನೆನಪಿಸಿಕೊಳ್ಳಿ. ಮಕ್ಕಳ ಕೈಯಲ್ಲಿ ಫಲಕ: ‘ನೀರು ನಿಲ್ಲದಂತೆ ನೋಡಿಕೊಳ್ಳಿ’. ಗೋಡೆ ಮೇಲಿನ ಚಿತ್ರದಲ್ಲಿ ತಿಪ್ಪೆ, ಚರಂಡಿ, ಅದರ ಮೇಲೆ ದೊಡ್ಡದೊಂದು ಸೊಳ್ಳೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪೂರ್ವದ ತಾಲ್ಲೂಕುಗಳಲ್ಲಿ ವರ್ಷವಿಡೀ ತುಂಬಿ ಹರಿಯುವ ಹೊಳೆ ಇಲ್ಲ. ಕೊಳವೆಬಾವಿ ಕೈಕೊಟ್ಟರೆ ನಲ್ಲಿಯಲ್ಲಿ ನೀರು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡ. ಅಂಥ ಮನೆಗೆ ‘ನೀರು ನಿಲ್ಲಿಸಬೇಡಿ’ ಎಂದರೆ ‘ಬದುಕಬೇಡಿ’ ಎಂದಹಾಗೆಯೇ. ಚರಂಡಿಯ ಚಿತ್ರವಂತೂ ನೇರವಾಗಿ ದಾರಿ ತಪ್ಪಿಸುತ್ತದೆ. ಚರಂಡಿಯಲ್ಲಿ ಹುಟ್ಟುವುದು ರಾತ್ರಿ ಕಿವಿಯ ಬಳಿ ಗುಂಯ್‌ಗುಡುವ ಕ್ಯೂಲೆಕ್ಸ್. ಈಡಿಸ್‌ಗೆ ಬೇಕಾದದ್ದು ತಿಳಿ ನೀರು, ನೆರಳು, ಹತ್ತಿರದಲ್ಲೇ ಮನುಷ್ಯರು. ಚರಂಡಿ ಸ್ವಚ್ಛವಾಗಿದೆ ಎಂಬ ನೆಮ್ಮದಿಯಲ್ಲಿರುವ ಮನೆಯ ಅಡುಗೆಕೋಣೆಯಲ್ಲೇ ಅದು ಬೆಳೆಯುತ್ತದೆ. ಇನ್ನೊಂದು ಮಾತು. ಜಾಥಾದ ಘೋಷಣೆ ಕನ್ನಡದಲ್ಲಿ, ಗಡಿ ಊರಿನ ಅಜ್ಜಿ ಮನೆಯಲ್ಲಿ ಮಾತಾಡುವುದು ತೆಲುಗಿನಲ್ಲಿ. ಸೊಳ್ಳೆ ಅವರಿಗೆ ‘ದೋಮ’. ಮಗು ಮನೆಗೆ ಹೋಗಿ ಆ ಭಾಷೆಯಲ್ಲಿ ಏನು ಹೇಳಬೇಕೆಂದು ಯಾವ ಜಾಥಾವೂ ಕಲಿಸುವುದಿಲ್ಲ.

ಜನರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ರೋಗ ಹೋಗುತ್ತಿಲ್ಲ ಎಂಬ ಮಾತನ್ನು ಆರೋಗ್ಯ ಇಲಾಖೆಯ ಸಭೆಗಳಲ್ಲಿ ಸಲೀಸಾಗಿ ಹೇಳಿಬಿಡುತ್ತಾರೆ. ಇದನ್ನು ಪರೀಕ್ಷೆಗೆ ಒಡ್ಡಿದ ಅಧ್ಯಯನವೊಂದು ನಮ್ಮ ತುಮಕೂರು ಜಿಲ್ಲೆಯಲ್ಲೇ ನಡೆದಿತ್ತು. ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಜಿಲ್ಲೆಯ ಹಳ್ಳಿಗಳಲ್ಲಿ ಕಫದಲ್ಲಿ ಕ್ಷಯದ ಕ್ರಿಮಿ ಇದ್ದವರನ್ನು ಮಾತಾಡಿಸಿ 1963ರಲ್ಲಿ ಪ್ರಕಟಿಸಿದ ಕೆಲಸ ಅದು. ಬಹುತೇಕ ಎಲ್ಲರಿಗೂ ತಮಗೆ ಏನೋ ಆಗಿದೆ ಎಂಬುದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗೂ ಹೋಗಿ ಬಂದಿದ್ದರು. ಅಲ್ಲಿ ಕಫ ಪರೀಕ್ಷೆಯಾಗದೆ ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ವಾಪಸಾಗಿದ್ದರು. ಆರು ದಶಕದ ಹಿಂದಿನ ಈ ಮಾತನ್ನು ಡೆಂಗಿಗೂ ಅನ್ವಯಿಸಬಹುದು ಎಂಬುದು ನನ್ನ ಅನಿಸಿಕೆ. 2006ರಲ್ಲಿ ಚಿಕುನ್‌ಗುನ್ಯಾ ಈ ಜಿಲ್ಲೆಗಳ ಮೇಲೆ ಬಿದ್ದಾಗ ಹೆಸರಿನಲ್ಲಿ ‘ಚಿಕನ್’ ಕೇಳಿ ಕೋಳಿ ತಿನ್ನುವುದನ್ನು ಬಿಟ್ಟವರು ಇದ್ದರು, ನಿಜ. (ಹೆಸರು ಬಂದದ್ದು ಆಫ್ರಿಕಾದ ಮಕೊಂಡೆ ಭಾಷೆಯಿಂದ, ನೋವಿಗೆ ಬಾಗಿಹೋಗುವುದು ಎಂಬ ಅರ್ಥದಲ್ಲಿ.) ಆದರೆ ಸೊಳ್ಳೆಯಿಂದ ಜ್ವರ ಬರುತ್ತದೆ ಎಂಬುದು ಇವತ್ತು ಯಾರಿಗೆ ಗೊತ್ತಿಲ್ಲ? ಗೊತ್ತಿಲ್ಲದ್ದು ಡ್ರಮ್ಮಿನಲ್ಲಿ ಪುಟಿಯುವ ಆ ಹುಳವೇ ಸೊಳ್ಳೆ ಎಂಬುದು.

ಎಷ್ಟೋ ಮನೆಗಳಲ್ಲಿ ಅದನ್ನು ‘ನೀರಿನ ಹುಳ’ ಎಂದು ಸೋಸಿ ಬಿಟ್ಟುಬಿಡುತ್ತಾರೆ. ಒಂದು ಬಾಟಲಿಯಿಂದ ಈ ಕೊರತೆ ತುಂಬಬಹುದು. ಆರನೇ, ಏಳನೇ ತರಗತಿಯವರು ಸಾಕು. ಬೇಕಾಗುವ ಸಾಮಾನು: ಟಾರ್ಚು, ಬಿಳಿ ಬಟ್ಟಲು, ಟೀ ಸೋಸುವ ಜರಡಿ, ಉದ್ದ ಹಿಡಿಯ ಸೌಟು, ಅಗಲ ಬಾಯಿಯ ಪಾರದರ್ಶಕ ಬಾಟಲಿ, ಸೊಳ್ಳೆ ಪರದೆಯ ತುಂಡು, ರಬ್ಬರ್ ಬ್ಯಾಂಡ್. ಡ್ರಮ್ಮಿನ ಮೇಲೆ ನಮ್ಮ ನೆರಳು ಬಿದ್ದ ತಕ್ಷಣ ಮರಿಗಳು ತಳಕ್ಕೆ ಇಳಿಯುತ್ತವೆ. ಹೆಚ್ಚಿನವರು ಅವಸರದಲ್ಲಿ ಇಣುಕಿ ‘ಏನೂ ಇಲ್ಲ’ ಎಂದು ಬರೆದುಕೊಂಡು ಹೋಗುವುದು ಇದರಿಂದಲೇ. ಎರಡು ಮೂರು ನಿಮಿಷ ಅಲುಗದೆ ನಿಂತರೆ ಉಸಿರಿಗಾಗಿ ಮತ್ತೆ ಮೇಲೆ ಬರುತ್ತವೆ. ಆಗ ಸೌಟನ್ನು ಓರೆಯಾಗಿ, ಅಂಚಿಗೆ ಒತ್ತಿ ಒಮ್ಮೆಲೇ ಮುಳುಗಿಸಿ ತೆಗೆಯಬೇಕು. ಬಿಳಿ ಬಟ್ಟಲಿಗೆ ಸುರಿದರೆ ಎಲ್ಲವೂ ಕಾಣುತ್ತದೆ: ತಲೆಕೆಳಗಾಗಿ ಓರೆಯಾಗಿ ತೂಗುವ ಮರಿ, ಅದರ ಬಾಲದ ಗಿಡ್ಡ ಉಸಿರುಕೊಳವೆ. ಪುಸ್ತಕದ ಅಲ್ಪವಿರಾಮದಂತೆ ಬಾಗಿದ ಇನ್ನೊಂದಿದೆ, ಅದು ಕೋಶಾವಸ್ಥೆ. ಅದು ಏನನ್ನೂ ತಿನ್ನುವುದಿಲ್ಲ, ಸುಮಾರು ಎರಡು ದಿನದಲ್ಲಿ ಸೊಳ್ಳೆಯಾಗುತ್ತದೆ. ಅನಾಫಿಲಿಸ್ ಮರಿ ಸಿಕ್ಕರೆ ಅದು ನೀರಿನ ಮೇಲ್ಮೈಗೆ ಸಮನಾಗಿ ಮಲಗಿರುತ್ತದೆ. ಮಲೇರಿಯಾದ ಪಾಠಕ್ಕೆ ಅದನ್ನು ಬೇರೆ ಎತ್ತಿಡಿ.

ಐದಾರು ಮರಿಗಳನ್ನು ಅದೇ ಡ್ರಮ್ಮಿನ ನೀರಿನೊಂದಿಗೆ ಬಾಟಲಿಗೆ ಹಾಕಿ, ಬಾಯಿಗೆ ಪರದೆ ಬಿಗಿದು ಮೇಷ್ಟ್ರ ಮೇಜಿನ ಮೇಲೆ ಇಡಿ. ದಿನಕ್ಕೊಂದು ಚಿತ್ರ ಬಿಡಿಸಲಿ. ವಾರ ಮುಗಿಯುವುದರೊಳಗೆ ಕಾಲಿಗೆ ಬಿಳಿ ಪಟ್ಟೆಯ ಸೊಳ್ಳೆ ಬಾಟಲಿಯ ಒಳಗೋಡೆಗೆ ಕೂತಿರುತ್ತದೆ. ಎಡವುವುದು ಎರಡು ಕಡೆ. ಪರದೆ ಸಡಿಲವಾಗಿದ್ದರೆ ತರಗತಿಗೇ ಸೊಳ್ಳೆ ಬಿಟ್ಟಂತಾಗುತ್ತದೆ. ಇನ್ನೊಂದು, ಶನಿವಾರ ಬಾಟಲಿ ತುಂಬಿಸಿ ಹಬ್ಬದ ರಜೆಗೆ ಬೀಗ ಹಾಕಿಕೊಂಡು ಹೋಗುವುದು. ಸೋಮವಾರ ಶುರು ಮಾಡಿ, ಸೊಳ್ಳೆ ಹೊರಬಂದ ದಿನವೇ ಸೋಪಿನ ನೀರು ಸುರಿದು ಮುಗಿಸಿಬಿಡಬೇಕು.

ಅದಾದ ಮೇಲೆ ಮಗು ಮನೆಯಲ್ಲಿ ಹೇಳಬೇಕಾದ ಮಾತು ಒಂದೇ: ‘ಉಜ್ಜಬೇಕು’. ಖಾಲಿ ಮಾಡುವುದು ಸಾಲದು. ತೆಂಗಿನ ಜುಂಗು ಅಥವಾ ಗಟ್ಟಿ ಬ್ರಷ್ಷಿನಿಂದ ಒಳಗೋಡೆಯನ್ನು ಸುತ್ತಲೂ ತಿಕ್ಕಿ, ಆ ನೀರನ್ನು ತೊಟ್ಟಿಯ ಕಡೆ ಬಿಡದೆ ಬಿಸಿಲಿನ ಒಣ ನೆಲಕ್ಕೆ ಚೆಲ್ಲಬೇಕು. ಮತ್ತೆ ತುಂಬಿಸಿದ ಮೇಲೆ ಮುಚ್ಚುವುದಕ್ಕೆ ಮೂರೂವರೆ ಅಡಿ ಚೌಕದ ಹಳೆ ಪಂಚೆ ಬೇಕು, ಸುತ್ತ ಬಿಗಿಯಲು ಹಳೆ ಸೈಕಲ್ ಟ್ಯೂಬಿನ ಪಟ್ಟಿ. ಬಟ್ಟೆ ಚಿಕ್ಕದಾದರೆ ಒಂದು ಕಡೆ ಎಳೆದಾಗ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಸಡಿಲವಾದರೆ ಜೋತು ನೀರಿಗೆ ತಾಗುತ್ತದೆ. ಪ್ಲಾಸ್ಟಿಕ್ ಮುಚ್ಚಳದ್ದು ಬೇರೆಯೇ ತಂಟೆ: ಅದನ್ನು ಮಗುಚಿ ಇಟ್ಟು ಮೇಲೆ ಇಟ್ಟಿಗೆ ಹೇರುತ್ತಾರೆ, ಮಳೆ ಬಂದರೆ ಮುಚ್ಚಳವೇ ತಟ್ಟೆಯಾಗಿ ನಿಲ್ಲುತ್ತದೆ. ಡ್ರಮ್ಮಿನೊಳಗೆ ಹುಡುಕಿ ಏನೂ ಸಿಗದ ಮನೆಯಲ್ಲಿ ಮುಚ್ಚಳದ ಮೇಲೇ ಮರಿ ಸಿಗುವುದುಂಟು. ಡ್ರಮ್ಮು ಎರಡಿದ್ದರೆ ಒಂದನ್ನು ಪೂರ್ತಿ ಮುಗಿಸಿ, ಉಜ್ಜಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕುವ ಅಭ್ಯಾಸ ಮಾಡಿಸಬೇಕು.

ಯಾವ ದಿನ ಉಜ್ಜಬೇಕು? ಶುಕ್ರವಾರ ‘ಒಣ ದಿನ’ ಎಂದು ಕರಪತ್ರ ಹೇಳುತ್ತದೆ. ಕೇಳಲು ಚೆಂದ. ಆದರೆ ನೀರು ಗುರುವಾರ ಬಂದಿದ್ದರೆ ಶುಕ್ರವಾರ ತುಂಬಿದ ಡ್ರಮ್ಮನ್ನು ಯಾವ ತಾಯಿ ಚೆಲ್ಲುತ್ತಾಳೆ? ನೀರು ಬರುವ ಹಿಂದಿನ ದಿನವೇ ಸರಿಯಾದ ದಿನ, ಡ್ರಮ್ಮು ತಾನಾಗಿ ತಳ ಕಂಡಿರುತ್ತದೆ. ಹಾಗಾಗಿ ಹಳ್ಳಿಯಲ್ಲಿ ಡೆಂಗಿ ತಡೆಯುವ ಮುಖ್ಯ ಮನುಷ್ಯ ನೀರುಗಂಟಿ. ಯಾವ ಬೀದಿಗೆ ಯಾವ ದಿನ ನೀರು ಎಂಬುದನ್ನು ಅವನು ಮುಂಚೆಯೇ ಹೇಳಿದರೆ, ಆಶಾ ಕಾರ್ಯಕರ್ತೆ ಆ ಬೀದಿಗೆ ಹಿಂದಿನ ದಿನ ಹೋಗಬಹುದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಗೆ ನೀರುಗಂಟಿಯನ್ನು ಕರೆಯುವ ಊರುಗಳು ವಿರಳ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಮರಿ ಸಿಕ್ಕ ಮನೆಗೆ ಗ್ರಾಮಾಂತರದಲ್ಲಿ 200, ನಗರದಲ್ಲಿ 400 ರೂಪಾಯಿ ದಂಡ ಇಟ್ಟಿತು. ಖಾಲಿ ನಿವೇಶನ, ಕಟ್ಟಡ ಕಾಮಗಾರಿಯವರಿಗೆ ದಂಡ ಬೇಕೇ ಬೇಕು. ವಾರಕ್ಕೊಮ್ಮೆ ನೀರು ಕೊಟ್ಟು, ಅದನ್ನು ತುಂಬಿಟ್ಟವಳಿಗೆ ದಂಡ ಹಾಕುವುದು ಮಾತ್ರ ಯಾಕೋ ಗಂಟಲಲ್ಲಿ ಇಳಿಯುವುದಿಲ್ಲ.

ಡ್ರಮ್ಮು ಬಿಟ್ಟರೆ ಪ್ರತಿ ತಾಲ್ಲೂಕಿಗೂ ತನ್ನದೇ ತೊಟ್ಟಿಲುಗಳಿವೆ, ಪಾಠ ಅದಕ್ಕೆ ತಕ್ಕಂತೆ ಬದಲಾಗಬೇಕು. ತಿಪಟೂರಿನ ಕಡೆ ಕೊಬ್ಬರಿ ತೆಗೆದು ಗುಡ್ಡೆ ಹಾಕಿದ ಕರಟ. ಗುಬ್ಬಿಯ ತೋಟದಲ್ಲಿ ಬಿದ್ದ ಅಡಿಕೆ ಹಾಳೆ. ಎಲ್ಲ ಕಡೆ ಮಿಕ್ಸಿ ಬಂದ ಮೇಲೆ ಅಂಗಳಕ್ಕೆ ಬಿದ್ದ ಒರಳುಕಲ್ಲು. ಒರಳನ್ನು ಮಗುಚಲಾಗದು, ಮಣ್ಣು ತುಂಬಿ ತುಳಸಿಯೋ ದೊಡ್ಡಪತ್ರೆಯೋ ನೆಟ್ಟರೆ ಮುಗಿಯಿತು. ಶಿಡ್ಲಘಟ್ಟದ್ದು ಎಲ್ಲಕ್ಕಿಂತ ಸೂಕ್ಷ್ಮ. ರೇಷ್ಮೆ ಹುಳು ಮನೆಯಲ್ಲಿ ಇರುವೆ ಹತ್ತದಂತೆ ಸ್ಟ್ಯಾಂಡಿನ ಪ್ರತಿ ಕಾಲಿನ ಕೆಳಗೂ ನೀರಿನ ಬಟ್ಟಲು ಇಡುತ್ತಾರೆ. ನೆರಳು, ತಿಳಿ ನೀರು, ಯಾರೂ ಕದಲಿಸದ ಜಾಗ: ಸೊಳ್ಳೆಗೆ ಇದಕ್ಕಿಂತ ಏನು ಬೇಕು? ಆದರೆ ಅಲ್ಲಿಗೆ ಹೋಗಿ ‘ಹೊಗೆ ಹೊಡೆಸುತ್ತೇವೆ’ ಎಂದರೆ ರೈತ ಬಾಗಿಲು ಹಾಕಿಕೊಳ್ಳುತ್ತಾನೆ, ಅವನದೇ ಸರಿ. ಸೊಳ್ಳೆ ಕೊಲ್ಲುವ ಕೀಟನಾಶಕಕ್ಕೆ ರೇಷ್ಮೆ ಹುಳು ಇನ್ನೂ ಬೇಗ ಸಾಯುತ್ತದೆ. ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೂ ಬೆಳೆ ಹೋದಂತೆಯೇ. ಬಟ್ಟಲಿಗೆ ಸೋಪಿನ ನೀರು ಹಾಕಿಸಿ. ನೀರಿನ ಮೇಲ್ಮೈಯ ಬಿಗಿ ಸಡಿಲವಾಗಿ ಮರಿ ಉಸಿರಿಗೆ ನೇತಾಡಲಾಗದೆ ಮುಳುಗುತ್ತದೆ, ಇರುವೆಯೂ ದಾಟುವುದಿಲ್ಲ. ಹುಳುವಿಗೆ ತಾಗದಂತೆ ಎಚ್ಚರ ವಹಿಸಿದರೆ ಸಾಕು. ಇದೇ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ 2023ರಲ್ಲಿ ಸಂಗ್ರಹಿಸಿದ ಸೊಳ್ಳೆಗಳಲ್ಲಿ ಝೀಕಾ ವೈರಸ್ ಸಿಕ್ಕಿತ್ತು. ಅದನ್ನು ಹೊರುವುದೂ ಈ ಈಡಿಸ್ ಜಾತಿಯೇ.

ಹೊಗೆಯ ಬಗ್ಗೆ ಒಂದೇ ಮಾತು: ಅದು ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಯನ್ನು ಕೊಲ್ಲುತ್ತದೆ, ಡ್ರಮ್ಮಿನೊಳಗಿನ ಮರಿಗೆ ಅದರಿಂದ ಏನೂ ಆಗದು. ಜ್ವರ ಹಬ್ಬಿದ ಬೀದಿಯಲ್ಲಿ ಅದಕ್ಕೊಂದು ಉಪಯೋಗವಿದೆ. ಉಳಿದಂತೆ ಅದು ಕಣ್ಣಿಗೆ ಕಾಣುವ ಕೆಲಸ, ಹಾಗಾಗಿ ಬೇಡಿಕೆ ಹೆಚ್ಚು.

ಖಾಲಿ ಮಾಡಲಾಗದ ತೊಟ್ಟಿ, ಸಂಪುಗಳಿಗೆ ಆರೋಗ್ಯ ಸಿಬ್ಬಂದಿ ಮರಿ ಕೊಲ್ಲುವ ಔಷಧಿ ಟೆಮಿಫಾಸ್ ಹಾಕುತ್ತಾರೆ, ಊರಿನ ಬಾಯಲ್ಲಿ ‘ಅಬೇಟ್’. ಅಳತೆ ಲೀಟರ್ ನೀರಿಗೆ 1 ಮಿಲಿಗ್ರಾಂ. ಶೇಕಡಾ 1ರ ಹರಳಾದರೆ 100 ಲೀಟರಿಗೆ 10 ಗ್ರಾಂ. ಈ ಪ್ರಮಾಣದಲ್ಲಿ ಕುಡಿಯುವ ನೀರಿಗೂ ಹಾಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ಆದರೂ ‘ಕುಡಿಯೋ ನೀರಿಗೆ ವಿಷ ಹಾಕ್ತಾರೆ’ ಎಂದು ಅವರು ತಿರುಗಿದ ಕೂಡಲೇ ಚೆಲ್ಲುವವರಿದ್ದಾರೆ. ಏನು, ಎಷ್ಟು, ಯಾಕೆ ಎಂದು ಹೇಳದೆ ಹಾಕಿ ಹೋದರೆ ಚೆಲ್ಲದೆ ಇನ್ನೇನು ಮಾಡಿಯಾರು? ಬೇಡವೆಂದವರಿಗೆ ಗಪ್ಪಿ ಮೀನು ಕೊಡಿ, ಚದರ ಮೀಟರಿಗೆ ಐದರಿಂದ ಹತ್ತು. ಮೀನು ಬಿಟ್ಟ ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕಿದರೆ ಅವು ಸಾಯುತ್ತವೆ. ಅನ್ನ ಹಾಕಿ ಸಾಕಿದರೆ ಹೊಟ್ಟೆ ತುಂಬಿದ ಮೀನು ಮರಿಯ ಗೋಜಿಗೆ ಹೋಗುವುದಿಲ್ಲ.

ಗಣಿತದ ಮೇಷ್ಟ್ರಿಗೂ ಇಲ್ಲಿ ಕೆಲಸವಿದೆ. ಮಕ್ಕಳು 40 ಮನೆ ನೋಡಿದರು, 6 ಮನೆಯಲ್ಲಿ ಮರಿ ಸಿಕ್ಕಿತು ಎಂದುಕೊಳ್ಳಿ. ಮನೆ ಸೂಚ್ಯಂಕ ಶೇಕಡಾ 15. ನೋಡಿದ ಪಾತ್ರೆಗಳು 160, ಮರಿ ಇದ್ದವು 9, ಪಾತ್ರೆ ಸೂಚ್ಯಂಕ 5.6. ನೂರು ಮನೆಗೆ ಮರಿ ಇದ್ದ ಪಾತ್ರೆ ಎಷ್ಟು ಎಂದು ಲೆಕ್ಕ ಹಾಕಿದರೆ 22.5, ಇದೇ ಬ್ರೆಟೊ ಸೂಚ್ಯಂಕ. ಆರೋಗ್ಯ ನಿರೀಕ್ಷಣಾಧಿಕಾರಿ ಬಳಸುವುದೂ ಇದೇ ಲೆಕ್ಕವನ್ನು. ಎರಡು ವಾರ ಬಿಟ್ಟು ಅದೇ ಬೀದಿ ಮತ್ತೆ ನೋಡಿದರೆ ಉಜ್ಜಿದರೋ ಇಲ್ಲವೋ ಎಂಬುದು ಅಂಕಿಯಲ್ಲೇ ತಿಳಿಯುತ್ತದೆ. ಮನೆಯ ಹೆಸರು ಹಾಕಿ ಶಾಲೆಯ ಗೋಡೆಗೆ ಅಂಟಿಸುವ ತಪ್ಪು ಮಾತ್ರ ಮಾಡಬಾರದು. ಮರುದಿನದಿಂದ ಯಾರೂ ಹಿತ್ತಲಿಗೆ ಬಿಟ್ಟುಕೊಳ್ಳುವುದಿಲ್ಲ.

ಶಾಲೆ ತನ್ನ ಕಾಂಪೌಂಡಿನೊಳಗೆ ನೋಡಿಕೊಳ್ಳುವುದು ಕಡಿಮೆ. ಈಡಿಸ್ ಹಗಲು ಕಚ್ಚುವ ಸೊಳ್ಳೆ. ಬೆಳಿಗ್ಗೆ ಬಿಸಿಲೇರುವಾಗ ಮತ್ತು ಸಂಜೆ ಹೊತ್ತು ಮುಳುಗುವ ಮುಂಚೆ ಅದರ ಕಾಟ ಹೆಚ್ಚು. ಮಗು ಆ ಹೊತ್ತಿನಲ್ಲಿ ಅರ್ಧ ಇರುವುದು ಶಾಲೆಯಲ್ಲೇ. ರಾತ್ರಿಯ ಪರದೆ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ದಸರಾ ರಜೆ ಸುಮಾರು ಎರಡು ವಾರ, ಸೊಳ್ಳೆಗೆ ಬೇಕಾದದ್ದು ಹತ್ತು ದಿನ. ನಮ್ಮ ಬಯಲುಸೀಮೆಯಲ್ಲಿ ಒಳ್ಳೆ ಮಳೆ ಬೀಳುವುದೂ ಸೆಪ್ಟೆಂಬರ್, ಅಕ್ಟೋಬರಿನಲ್ಲೇ. ರಜೆಗೆ ಮುಂಚಿನ ದಿನ ಬಿಸಿಯೂಟದ ಡ್ರಮ್ಮು, ಕೈ ತೊಳೆಯುವ ತೊಟ್ಟಿ, ಶೌಚಾಲಯದ ಬಕೆಟ್ಟು ಉಜ್ಜಿ ಮಗುಚಬೇಕು. ಫ್ಲಶ್ ಟ್ಯಾಂಕ್ ಖಾಲಿ ಮಾಡಬೇಕು, ಸಿಂಟೆಕ್ಸ್ ಟ್ಯಾಂಕಿನ ಗಾಳಿಕೊಳವೆಗೆ ಬಲೆ ಕಟ್ಟಬೇಕು. ಶಾಲೆ ತೆರೆಯುವ ಬೆಳಿಗ್ಗೆ ಮಕ್ಕಳು ಬರುವ ಮುಂಚೆ ಮತ್ತೊಮ್ಮೆ ನೋಡಬೇಕು. ಅಂದಹಾಗೆ ರಾಷ್ಟ್ರೀಯ ಡೆಂಗಿ ದಿನ ಮೇ 16. ಆಗ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ. ಆಚರಣೆಯನ್ನು ಜೂನ್ ಮೊದಲ ವಾರಕ್ಕೆ ಮುಂದೂಡಿದರೆ ಯಾರ ಗಂಟೂ ಹೋಗುವುದಿಲ್ಲ.

ಜ್ವರ ಬಂದ ಮೇಲಿನ ಪಾಠ ಪೋಷಕರ ಸಭೆಗೆ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ, ಇಂಜೆಕ್ಷನ್ ಬೇಡ. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫಿನಾಕ್ ರಕ್ತಸ್ರಾವ ಹೆಚ್ಚಿಸಬಹುದು. ಮೊದಲ ಐದು ದಿನದೊಳಗಾದರೆ ಎನ್‌ಎಸ್1 ಪರೀಕ್ಷೆ (ರಕ್ತದಲ್ಲಿ ವೈರಸ್ಸಿನ ಗುರುತು ಹುಡುಕುವುದು), ಆಮೇಲೆ ಐಜಿಎಂ (ಅದರ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯ ಹುಡುಕುವುದು). ಮೂರರಿಂದ ಏಳನೇ ದಿನದ ನಡುವೆ ಜ್ವರ ಇಳಿಯುತ್ತದೆ. ಮನೆಯವರು ನಿಟ್ಟುಸಿರು ಬಿಟ್ಟು ಮಗುವನ್ನು ಶಾಲೆಗೆ ಕಳಿಸುವುದು ಆವತ್ತೇ, ರಕ್ತನಾಳದಿಂದ ನೀರು ಸೋರಿ ಸ್ಥಿತಿ ಕೆಡುವುದೂ ಆವತ್ತೇ. ಜೋರು ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು, ತೂಕಡಿಕೆ ಅಥವಾ ವಿಪರೀತ ಚಡಪಡಿಕೆ, ಆರು ಗಂಟೆಯಾದರೂ ಮೂತ್ರ ಇಲ್ಲ: ಇವುಗಳಲ್ಲಿ ಒಂದು ಕಂಡರೂ ಕಾಯದೆ ದೊಡ್ಡಾಸ್ಪತ್ರೆ. ಪಪ್ಪಾಯಿ ಎಲೆಯ ರಸ ಕುಡಿಸುತ್ತಾ ಮನೆಯಲ್ಲೇ ಆ ದಿನಗಳನ್ನು ಕಳೆಯಬಾರದು. ಒಂದು ಲೀಟರಿಗೆ ಒಂದು ಪೊಟ್ಟಣ ಓಆರ್‌ಎಸ್, ಗಂಜಿ, ಎಳನೀರು ಗುಟುಕು ಗುಟುಕಾಗಿ ಕೊಡುತ್ತಿರಬೇಕು.

ಇನ್ನು ಆ ಡ್ರಮ್ಮಿನ ನೀರೇ ಬೇರೊಂದು ಪಾಠಕ್ಕೂ ವಸ್ತು. ‘ನೀರನ್ನು ಕುದಿಸಿ ಕುಡಿಯಿರಿ’ ಎಂಬ ಸಾಲು ವಾಂತಿಭೇದಿಗೆ ಸರಿ. ಪಾವಗಡ, ಬಾಗೇಪಲ್ಲಿಯ ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಇದೆ, ಮಿತಿ ಮೀರಿದರೆ ಅದು ಹಲ್ಲು, ಮೂಳೆ ಕೆಡಿಸುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆ ಬಿದ್ದ ಮಗುವಿಗೆ ‘ಸರಿಯಾಗಿ ಹಲ್ಲುಜ್ಜು’ ಎಂದು ಗದರುವುದು ಅನ್ಯಾಯ. ಆ ಕಲೆ ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗಲೇ ಬಿದ್ದದ್ದು, ಉಜ್ಜಿದರೆ ಹೋಗುವುದಲ್ಲ. ದೊಡ್ಡವರಲ್ಲಿ ಕುತ್ತಿಗೆ, ಸೊಂಟ ಬಿಗಿಯುತ್ತದೆ. ಮಂಡಿ ಮಡಚದೆ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಕೈಗಳನ್ನು ತಲೆಯ ಹಿಂದೆ ಒಯ್ಯುವುದು ಕಷ್ಟವಾದರೆ ವೈದ್ಯರಿಗೆ ತೋರಿಸಬೇಕು.

ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತರುವುದು ಈಗ ಹಳ್ಳಿಹಳ್ಳಿಯಲ್ಲೂ ರೂಢಿಯಾಗಿದೆ. ಅದನ್ನು ಕುಡಿಯುವುದಕ್ಕೆ ಮಾತ್ರ ಎತ್ತಿಟ್ಟು ಅಡುಗೆಗೆ ಬೋರಿನ ನೀರು ಬಳಸುವುದೂ ಅಷ್ಟೇ ರೂಢಿ. ಮುದ್ದೆಗೆ ಎಸರಿಟ್ಟ ನೀರು ಪೂರ್ತಿ ಮುದ್ದೆಯೊಳಗೇ ಸೇರುತ್ತದೆ, ಬೇಳೆ ಕುದಿದು ಕುದಿದು ಸಾರಾಗುತ್ತದೆ. ಕುಡಿಯುವ ಲೋಟದಲ್ಲಿ ತಪ್ಪಿಸಿಕೊಂಡ ಫ್ಲೋರೈಡ್ ಊಟದ ತಟ್ಟೆಯಲ್ಲಿ ಹೊಟ್ಟೆ ಸೇರುತ್ತದೆ. ನಾಲ್ಕೈದು ಜನರ ಮನೆಗೆ ಕುಡಿಯಲು, ಅಡುಗೆಗೆ ಸೇರಿ ದಿನಕ್ಕೆ ಒಂದು ಕ್ಯಾನ್ ಹೆಚ್ಚುಕಮ್ಮಿ ಸರಿಹೋಗುತ್ತದೆ. ತೊಳೆಯುವುದಕ್ಕೆ, ಸ್ನಾನಕ್ಕೆ ಡ್ರಮ್ಮಿನದು. ಬಿಸಿಯೂಟದ ಅಡುಗೆಮನೆಯಲ್ಲೂ ಇದೇ ಲೆಕ್ಕ ನಡೆಯಬೇಕು. ಅನ್ನ, ಸಾರಿಗೆ ಯಾವ ನಲ್ಲಿಯ ನೀರು ಎಂದು ಅಡುಗೆಯವರನ್ನು ಕೇಳಿ ನೋಡಿ. ಘಟಕ ಕೆಟ್ಟು ನಿಂತ ದಿನ ಏನು ಮಾಡುತ್ತೀರಿ ಎಂದೂ ಕೇಳಿ.